ಪೆನ್ನಿನ ಕುಂಡದಿಂದ ಮೊನಾಲಿಸಾವರೆಗೆ: ಡಗ್ಲಸ್ ಆ್ಯಡಮ್ಸ್ ತೋರಿಸಿದ ದಾರಿ

ಇಡೀ ವಿಶ್ವದಲ್ಲೇ ಅತಿ ಕೆಟ್ಟ ಕವಿತೆ ಬರೆಯುವವರು ಯಾರು? ಇಂಗ್ಲಿಷ್ ಲೇಖಕ ಡಗ್ಲಸ್ ಆ್ಯಡಮ್ಸ್ ಇದಕ್ಕೊಂದು ಪಕ್ಕಾ ಪಟ್ಟಿಯನ್ನೇ ಮಾಡಿಟ್ಟಿದ್ದಾರೆ. ಮೂರನೆಯ ಸ್ಥಾನ ವೋಗನ್ ಎಂಬ ಅನ್ಯಗ್ರಹ ಜೀವಿಗಳಿಗೆ. ಎರಡನೆಯ ಸ್ಥಾನ ಪಡೆದ ಕವಿಯ ವಾಚನದಲ್ಲಿ ನಾಲ್ಕು ಜನ ಕೇಳುಗರು ಮೈಯೊಳಗೇ ರಕ್ತಸ್ರಾವವಾಗಿ ಸತ್ತರಂತೆ. ವೇದಿಕೆಯ ಮುಂದೆ ಕೂತಿದ್ದ ಕಲಾ ಮಂಡಳಿಯ ಅಧ್ಯಕ್ಷರು ಬದುಕಿ ಉಳಿದದ್ದು ತಮ್ಮದೇ ಕಾಲೊಂದನ್ನು ಕಚ್ಚಿ ಕಡಿದುಕೊಂಡು. ಹಾಗಾದರೆ ಮೊದಲ ಸ್ಥಾನ? ಅದು ನಮ್ಮ ಭೂಮಿಗೇ, ಇಂಗ್ಲೆಂಡಿನ ಎಸೆಕ್ಸ್ ಕಡೆಯ ಕವಿಯೊಬ್ಬರಿಗೆ. ರೇಡಿಯೊ ನಾಟಕದಲ್ಲಿ ಆ್ಯಡಮ್ಸ್ ತಮ್ಮ ಶಾಲೆಯ ಸಹಪಾಠಿಯೊಬ್ಬರ ನಿಜವಾದ ಹೆಸರನ್ನೇ ಹಾಕಿಬಿಟ್ಟಿದ್ದರು. ಪುಸ್ತಕ ಬರುವ ಹೊತ್ತಿಗೆ ಹೆಸರು ಬದಲಾಗಿತ್ತು.

'ದ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ' ಮೊದಲು ಬಂದದ್ದು 1978ರ ಮಾರ್ಚ್‌ನಲ್ಲಿ, ಬಿಬಿಸಿ ರೇಡಿಯೊ 4ರ ಧಾರಾವಾಹಿಯಾಗಿ. ಮರುವರ್ಷ ಪುಸ್ತಕವಾಯಿತು. ಅಂತರಿಕ್ಷದಲ್ಲಿ ಬೈಪಾಸ್ ಹಾದಿ ಮಾಡಬೇಕು ಅಂತ ಭೂಮಿಯನ್ನೇ ಕೆಡವುವುದರಿಂದ ಕಥೆ ಶುರು. ರಸ್ತೆ ಅಗಲೀಕರಣದ ಕೆಂಪು ಗುರುತನ್ನು ಮನೆ ಗೋಡೆಯ ಮೇಲೆ ಕಂಡವರಿಗೆ ಇದು ವೈಜ್ಞಾನಿಕ ಕಥೆ ಅನಿಸುವುದೇ ಇಲ್ಲ, ಬಿಡಿ.

ಆದರೆ ಈ ಪುಸ್ತಕಗಳಲ್ಲಿ ನನಗೆ ತುಂಬ ಇಷ್ಟವಾಗುವುದು ರಾಕೆಟ್ಟು, ರೋಬೋಗಳಲ್ಲ. ಕಾವ್ಯ, ಚಿತ್ರಕಲೆ, ಪುರಾಣ, ಕ್ರಿಕೆಟ್ಟು ಹೀಗೆ ಯಾವುದರ ಮುಂದೆ ನಾವು ದನಿ ತಗ್ಗಿಸಿ ಮಾತಾಡುತ್ತೇವೋ, ಸರಿಯಾಗಿ ಅದರ ಪಕ್ಕೆಗೇ ಕಚಗುಳಿ ಇಡುವ ರೀತಿ. ನಮ್ಮ ನಾ. ಕಸ್ತೂರಿಯವರ 'ಅನರ್ಥಕೋಶ' ನೋಡಿದವರಿಗೆ ಈ ರುಚಿ ಗೊತ್ತು. ಹೊರಗೆ ನಿಘಂಟಿನ ಗತ್ತು, ಒಳಗೆಲ್ಲ ತುಂಟತನ.

ಆಫೀಸ್ ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದೆ. ಜೊತೆಗೆ ಒಂದಿಷ್ಟು ರಜೆ ಸೇರಿಸಿಕೊಂಡು ಆ್ಯಡಮ್ಸ್ ಬರೆದ ಜಾಗಗಳನ್ನು ನೋಡಿ ಬರೋಣ ಅಂತ ಹೊರಟೆ. ಜೊತೆಗೆ ಬಂದವಳು ದೊಡ್ಡಮ್ಮನ ಮಗಳು, ನನ್ನಕ್ಕ. ಒಂಬತ್ತು ವರ್ಷದಿಂದ ಲಂಡನ್ನಲ್ಲಿದ್ದಾಳೆ. ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯ ಮುಂದೆ ಅದೆಷ್ಟು ಸಲ ಓಡಾಡಿದ್ದಾಳೋ, ಒಳಗೆ ಮಾತ್ರ ಒಮ್ಮೆಯೂ ಹೋಗಿಲ್ಲ. ಅಲ್ಲಿ ಟಿಕೆಟ್ ಇಲ್ಲ, ಯಾರೂ ತಡೆಯುವುದಿಲ್ಲ. "ನಂಗೆ ಅದೆಲ್ಲ ಅರ್ಥ ಆಗಲ್ಲ ಕಣೇ. ತಿಳ್ಕೊಂಡಿರೋರು ನೋಡೋ ಜಾಗ ಅದು" ಅನ್ನುತ್ತಾಳೆ. ಕಂಪನಿಗಳ ಲೆಕ್ಕಪತ್ರದಲ್ಲಿ ಒಂದು ಪೌಂಡ್ ತಪ್ಪಿದರೂ ಹಿಡಿಯುವ ಹೆಂಗಸು ಹೇಳುವ ಮಾತು ಇದು!

ಹೈಗೇಟ್: ಕವಿತೆ ಕೇಳಿ ಬದುಕಿದವರು

ನಾರ್ದರ್ನ್ ಲೈನಿನ ಆರ್ಚ್‌ವೇ ಸ್ಟೇಷನ್ನಿನಲ್ಲಿ ಇಳಿದರೆ ಹೈಗೇಟ್ ಗುಡ್ಡದ ಏರು ಸಿಗುತ್ತದೆ. ವಾಟರ್‌ಲೋ ಪಾರ್ಕ್ ದಾಟಿದರೆ ಹೈಗೇಟ್ ಸ್ಮಶಾನದ ಗೇಟು. 1839ರಲ್ಲಿ ತೆರೆದ ಈ ಜಾಗಕ್ಕೆ ಈಗ ಟಿಕೆಟ್ ಕೊಂಡು ಹೋಗಬೇಕು. "ಸ್ಮಶಾನಕ್ಕೂ ದುಡ್ಡು ಕೊಟ್ಟು ಹೋಗೋದಾ? ಅಮ್ಮಂಗೆ ಹೇಳಬೇಡ" ಅಂದಳು ಅಕ್ಕ.

ಪೂರ್ವ ಭಾಗದಲ್ಲಿ ಕಾರ್ಲ್ ಮಾರ್ಕ್ಸ್ ಇದ್ದಾರೆ. ದೊಡ್ಡ ಕಲ್ಲಿನ ಪೀಠ, ಅದರ ಮೇಲೆ ಇನ್ನೂ ದೊಡ್ಡ ತಲೆ. ಕಾದಂಬರಿಕಾರ್ತಿ ಜಾರ್ಜ್ ಎಲಿಯಟ್ ಇದ್ದಾರೆ. ಚಿತ್ರಕಾರ ಪ್ಯಾಟ್ರಿಕ್ ಕಾಲ್‌ಫೀಲ್ಡ್ ತಮ್ಮ ಸಮಾಧಿಗೆ ತಾವೇ ವಿನ್ಯಾಸ ಮಾಡಿಕೊಂಡಿದ್ದರು. ಕಲ್ಲಿನಲ್ಲಿ ಮೆಟ್ಟಿಲಿನ ಹಾಗೆ ಇಳಿಯುವ ನಾಲ್ಕು ಇಂಗ್ಲಿಷ್ ಅಕ್ಷರ, ಓದಿದರೆ 'ಡೆಡ್', ಅಂದರೆ ಸತ್ತಿದ್ದಾನೆ ಅಂತ. ಅಕ್ಕ ಅದನ್ನು ಓದಿ ಕಿಸಕ್ಕನೆ ನಕ್ಕು, ಯಾರಾದರೂ ನೋಡಿದರಾ ಅಂತ ಸುತ್ತ ನೋಡಿದಳು.

ಈ ಗಣ್ಯರ ನಡುವೆ ಆ್ಯಡಮ್ಸ್ ಅವರದು ಸಣ್ಣ ಬೂದು ಕಲ್ಲು. ಹೆಸರು, ಕೆಳಗೆ 'ಲೇಖಕ', ಅದರ ಕೆಳಗೆ 1952–2001. ಅಷ್ಟೇ. ನಲವತ್ತೊಂಬತ್ತನೆಯ ವಯಸ್ಸಿಗೆ ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡ ಅವರ ಅಸ್ಥಿಯನ್ನು ಇಲ್ಲಿಗೆ ತಂದಿಟ್ಟರು. ಕಲ್ಲಿನ ಮುಂದೆ ಒಂದು ಕುಂಡ, ಅದರಲ್ಲಿ ಹೂವಿನ ಬದಲು ಪೆನ್ನುಗಳು! ನೀಲಿ, ಕಪ್ಪು, ಕಂಪನಿ ಜಾಹೀರಾತಿನವು, ಮುಚ್ಚಳ ಕಳೆದುಹೋದವು. ಕಳೆದುಹೋಗುವ ಬಾಲ್‌ಪೆನ್ನುಗಳೆಲ್ಲ ಮೆಲ್ಲಗೆ ಜಾರಿಕೊಂಡು ತಮ್ಮದೇ ಒಂದು ಗ್ರಹಕ್ಕೆ ಹೋಗಿ ಸೇರುತ್ತವೆ ಎಂಬ ಸಿದ್ಧಾಂತ ಅವರ ಪುಸ್ತಕದಲ್ಲಿದೆ. ಓದುಗರು ಆ ಜೋಕಿಗೆ ಹೀಗೆ ಮರ್ಯಾದೆ ಸಲ್ಲಿಸುತ್ತಾರೆ. ನಾನೂ ಒಂದು ಪೆನ್ನು ಸಿಕ್ಕಿಸಿದೆ.

ಅಲ್ಲೇ ಬೆಂಚಿನ ಮೇಲೆ ಕೂತು ಅಕ್ಕನಿಗೆ ವೋಗನ್ ಕವಿತೆಯ ಪ್ರಸಂಗ ಹೇಳಿದೆ. ವೋಗನ್ ಕ್ಯಾಪ್ಟನ್ ತನ್ನ ನೌಕೆಗೆ ನುಸುಳಿದ ಇಬ್ಬರನ್ನು ಹಿಡಿದು 'ಕಾವ್ಯಾಸ್ವಾದನೆಯ ಕುರ್ಚಿ'ಗೆ ಕಟ್ಟಿಹಾಕುತ್ತಾನೆ. ತಾನು ಬರೆದ ಕವಿತೆಯನ್ನು ಓದುತ್ತಾನೆ. ಓದಿದ ಮೇಲೆ ಅವರ ಮುಂದೆ ಎರಡು ದಾರಿ: ಹೊರಗಿನ ಶೂನ್ಯದಲ್ಲಿ ಸಾಯುವುದು, ಇಲ್ಲವೇ ಕವಿತೆ ಎಷ್ಟು ಚೆನ್ನಾಗಿತ್ತು ಅಂತ ಹೇಳುವುದು. ಭೂಮಿಯವನಾದ ಆರ್ಥರ್ ಗಂಟಲು ಸರಿಮಾಡಿಕೊಂಡು, ಪ್ರತಿಮೆ, ಲಯ, ಕವಿಯ ಅಂತಃಕರಣ ಅಂತ ವಿಮರ್ಶೆಯ ಭಾಷೆಯಲ್ಲಿ ಹೊಗಳಲು ಶುರು ಮಾಡುತ್ತಾನೆ. ಗೆಳೆಯ ಫೋರ್ಡ್ ನಡುನಡುವೆ ಪದ ಎತ್ತಿಕೊಡುತ್ತಾನೆ. ಕ್ಯಾಪ್ಟನ್ ಎಲ್ಲವನ್ನೂ ಕೇಳಿ, ಕೊನೆಗೆ ಇಬ್ಬರನ್ನೂ ಹೊರಗೆ ಎಸೆಯಲು ಹೇಳುತ್ತಾನೆ.

"ಪಾಪ, ಅರ್ಥ ಆಗದೆ ಇದ್ರೂ ಹೊಗಳಿದ್ರಲ್ಲ!" ಅಂದಳು ಅಕ್ಕ.

ಗಮನಿಸಿ, ಇಲ್ಲಿ ಪೆಟ್ಟು ಬಿದ್ದದ್ದು ಕವಿತೆಗಿಂತ ಹೆಚ್ಚಾಗಿ ಕುರ್ಚಿಗೆ. ಕಟ್ಟಿಹಾಕಿ ಕೂರಿಸಿ, ಮೆಚ್ಚಲೇಬೇಕು ಅನ್ನುವ ಏರ್ಪಾಟಿಗೆ. ಆ್ಯಡಮ್ಸ್ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು. ಆ ವಿಮರ್ಶೆಯ ಭಾಷೆ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಕಾವ್ಯದ ಮೇಲಿನ ಪ್ರೀತಿಯೂ ಇತ್ತು. ಸಾಕ್ಷಿ ಇದೇ ಹೈಗೇಟ್‌ನಲ್ಲಿದೆ. ಸ್ಮಶಾನದಿಂದ ಸ್ವಲ್ಪ ದೂರ ನಡೆದರೆ ಸೇಂಟ್ ಮೈಕೇಲ್ ಚರ್ಚು. ಕವಿ ಕೋಲ್‌ರಿಜ್ ಸಮಾಧಿ ಅಲ್ಲಿದೆ. ಅವರ 'ಕುಬ್ಲಾ ಖಾನ್' ಪೂರ್ತಿಯಾಗಲಿಲ್ಲ, ಬರೆಯುವ ಹೊತ್ತಿಗೆ ಯಾರೋ ಬಂದು ಬಾಗಿಲು ತಟ್ಟಿದರು ಎಂಬುದು ಕೋಲ್‌ರಿಜ್ ಅವರೇ ಹೇಳಿದ ಕಥೆ. ಆ್ಯಡಮ್ಸ್ 1987ರ 'ಡರ್ಕ್ ಜೆಂಟ್ಲೀಸ್ ಹೋಲಿಸ್ಟಿಕ್ ಡಿಟೆಕ್ಟಿವ್ ಏಜೆನ್ಸಿ'ಯಲ್ಲಿ ಆ ಬಾಗಿಲು ತಟ್ಟಿದವನು ತಮ್ಮ ಪತ್ತೇದಾರನೇ ಅಂದುಬಿಟ್ಟರು. ಕವಿತೆ ಪೂರ್ತಿಯಾದರೆ ಮನುಕುಲವೇ ಉಳಿಯುವುದಿಲ್ಲ, ಅದಕ್ಕೇ ಹೋಗಿ ಕಾಡುಹರಟೆ ಹೊಡೆದು ಕೆಡಿಸಿದನಂತೆ! ಕೋಲ್‌ರಿಜ್‌ರನ್ನು ಮನಸ್ಸಿಟ್ಟು ಓದದವರಿಗೆ ಇಂಥ ತಮಾಷೆ ಹೊಳೆಯುವುದಿಲ್ಲ.

ಲಾರ್ಡ್ಸ್: ಜೋಕು ದೇವರಾದ ಕಥೆ

ಮರುದಿನ ಸೇಂಟ್ ಜಾನ್ಸ್ ವುಡ್ ಸ್ಟೇಷನ್ನಿನಲ್ಲಿ ಇಳಿದು ಲಾರ್ಡ್ಸ್‌ಗೆ. ಅಕ್ಕ ಇಲ್ಲಿಗೆ ಮಾತ್ರ ಖುಷಿಯಿಂದ ಬಂದಳು. 1983ರ ಜೂನ್ 25ರಂದು ಕಪಿಲ್ ದೇವ್ ಕಪ್ ಎತ್ತಿ ಹಿಡಿದ ಬಾಲ್ಕನಿ ನೋಡಬೇಕಲ್ಲ! ವಿಕೆಟ್ ಹಿಂದೆ ನಮ್ಮ ಕಿರ್ಮಾನಿ. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದವರು ನಮ್ಮ ರೋಜರ್ ಬಿನ್ನಿ. ದೊಡ್ಡಪ್ಪ ಈ ಕಥೆಯನ್ನು ಊಟದ ಎಲೆಯ ಮುಂದೆ ಎಷ್ಟು ಸಲ ಹೇಳಿದ್ದರೋ.

ಅದಕ್ಕೂ ಒಂದು ವರ್ಷ ಮೊದಲು, 1982ರಲ್ಲಿ, ಆ್ಯಡಮ್ಸ್ ಇದೇ ಮೈದಾನದ ಮೇಲೆ ಕೈಯಿಟ್ಟಿದ್ದರು. 'ಲೈಫ್, ದ ಯೂನಿವರ್ಸ್ ಆ್ಯಂಡ್ ಎವ್ರಿಥಿಂಗ್' ಕಾದಂಬರಿಯಲ್ಲಿ ಆರ್ಥರ್ ಮತ್ತು ಫೋರ್ಡ್ ಪುರಾತನ ಕಾಲದಿಂದ ಒಂದು ಸೋಫಾದ ಮೇಲೆ ತೇಲಿಕೊಂಡು ಬಂದು, ಪಂದ್ಯ ನಡೆಯುತ್ತಿರುವಾಗ ಲಾರ್ಡ್ಸ್ ಮಧ್ಯದಲ್ಲಿ ಇಳಿಯುತ್ತಾರೆ. ಆಮೇಲೆ ಬಿಳಿ ರೋಬೋಗಳು ಬಂದು ಆ್ಯಷಸ್ ಕದಿಯುತ್ತವೆ. ಕ್ರಿಕ್ಕಿಟ್ ಎಂಬ ಗ್ರಹದವರು ಹಿಂದೆ ಇಡೀ ಗ್ಯಾಲಕ್ಸಿಯ ಮೇಲೆ ಭಯಂಕರ ಯುದ್ಧ ಮಾಡಿದ್ದರು. ಎಲ್ಲರೂ ಮರೆಯಲು ಒದ್ದಾಡುವ ಆ ನೆನಪನ್ನು ಇಂಗ್ಲಿಷರು ಮಾತ್ರ ಬಿಳಿ ಬಟ್ಟೆ ಹಾಕಿಕೊಂಡು ಆಟ ಮಾಡಿಕೊಂಡಿದ್ದಾರೆ, ಎಂಥಾ ಅಸಹ್ಯ ಅಂತ ಉಳಿದ ಗ್ಯಾಲಕ್ಸಿ ಮುಖ ಕಿವುಚುತ್ತದಂತೆ. ಲಾರ್ಡ್ಸ್‌ನಲ್ಲಿ ನಿಂತು ಹೀಗೆ ಹೇಳುವುದಕ್ಕೆ ಗುಂಡಿಗೆ ಬೇಕು.

ಇಲ್ಲೇ ಇನ್ನೊಂದು ಅದ್ಭುತ ಐಡಿಯಾ ಇದೆ. ಮೈದಾನದಲ್ಲಿ ಒಂದು ಅಂತರಿಕ್ಷ ನೌಕೆ ನಿಂತಿದೆ, ಆದರೆ ಯಾರಿಗೂ ಕಾಣುವುದಿಲ್ಲ. ಅದರ ಸುತ್ತ ಇರುವುದು 'ಇದು ಬೇರೆಯವರ ತಲೆನೋವು' ಎಂಬ ಶಕ್ತಿಯ ಆವರಣ. ನಮ್ಮದಲ್ಲ ಅಂದುಕೊಂಡದ್ದು ಕಣ್ಣೆದುರಿಗಿದ್ದರೂ ಕಾಣುವುದಿಲ್ಲ. ಇದನ್ನು ಹೇಳುವಾಗ ಅಕ್ಕನ ನ್ಯಾಷನಲ್ ಗ್ಯಾಲರಿ ನನ್ನ ತಲೆಯಲ್ಲಿತ್ತು. ಬಾಯಿಬಿಟ್ಟು ಹೇಳಲಿಲ್ಲ.

ಟೂರಿನವರು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದರು. ಆ್ಯಷಸ್ ಕಲಶ ನೋಡಿ ಅಕ್ಕನಿಗೆ ನಿರಾಸೆ. "ಇಷ್ಟೇನಾ? ಕುಂಕುಮದ ಭರಣಿ ಇದ್ದಂಗಿದೆ!" ಎತ್ತರ ಹನ್ನೊಂದು ಸೆಂಟಿಮೀಟರ್ ಇದ್ದರೆ ಹೆಚ್ಚು. ಆದರೆ ಅದರ ಕಥೆ ಕೇಳಿ. 1882ರಲ್ಲಿ ಇಂಗ್ಲೆಂಡ್ ತನ್ನ ನೆಲದಲ್ಲೇ ಆಸ್ಟ್ರೇಲಿಯಾಕ್ಕೆ ಸೋತಾಗ ಒಂದು ಪತ್ರಿಕೆ ಇಂಗ್ಲಿಷ್ ಕ್ರಿಕೆಟ್ ಸತ್ತಿತು ಅಂತ ಶ್ರದ್ಧಾಂಜಲಿ ಹಾಕಿತು. ಹೆಣ ಸುಟ್ಟು ಬೂದಿಯನ್ನು ಆಸ್ಟ್ರೇಲಿಯಾಕ್ಕೆ ಒಯ್ಯಲಾಗುವುದು ಎಂಬ ಒಕ್ಕಣೆ ಬೇರೆ. ಅಂದರೆ ಆ್ಯಷಸ್ ಹುಟ್ಟಿದ್ದೇ ಒಂದು ಜೋಕಾಗಿ. ಇವತ್ತು ಅದೇ ಜೋಕು ಗಾಜಿನ ಪೆಟ್ಟಿಗೆಯೊಳಗೆ ಕೂತಿದೆ, ಎಲ್ಲರೂ ಪಿಸುಮಾತಿನಲ್ಲಿ ನೋಡುತ್ತಾರೆ.

ಈ ಮ್ಯೂಸಿಯಮ್ಮಿನ ಇನ್ನೊಂದು ಆಸ್ತಿ ಒಂದು ಗುಬ್ಬಚ್ಚಿ. 1936ರಲ್ಲಿ, ದೇಶ ವಿಭಜನೆಗೆ ಮುಂಚೆ ಭಾರತದ ಪರ ಟೆಸ್ಟ್ ಆಡಿದ್ದ ಜಹಾಂಗೀರ್ ಖಾನ್ ಕೇಂಬ್ರಿಜ್ ತಂಡಕ್ಕಾಗಿ ಬೌಲ್ ಮಾಡುತ್ತಿದ್ದಾಗ ಚೆಂಡು ತಗುಲಿ ಸತ್ತದ್ದು. ಅದರೊಳಗೆ ಹತ್ತಿಗಿತ್ತಿ ತುಂಬಿ, ಚೆಂಡಿನ ಜೊತೆಗೇ ಇಟ್ಟಿದ್ದಾರೆ. ಇಂಥದ್ದನ್ನು ಆ್ಯಡಮ್ಸ್ ಬರೆದಿದ್ದರೆ ಸಂಪಾದಕರು 'ಸ್ವಲ್ಪ ಅತಿಯಾಯ್ತು' ಅನ್ನುತ್ತಿದ್ದರೋ ಏನೋ.

ಸೇಂಟ್ ಪ್ಯಾಂಕ್ರಸ್: ದೇವರುಗಳ ವಸತಿ

ಪ್ಯಾರಿಸ್ಸಿನ ಯೂರೋಸ್ಟಾರ್ ರೈಲು ಹೊರಡುವುದು ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಿಂದ. ಸ್ಟೇಷನ್ನಿನ ಮುಂಭಾಗವೇ ಒಂದು ಕೆಂಪು ಇಟ್ಟಿಗೆಯ ಅರಮನೆ, ಗೋಥಿಕ್ ಗೋಪುರಗಳು. 1873ರಲ್ಲಿ ಮಿಡ್‌ಲ್ಯಾಂಡ್ ಗ್ರ್ಯಾಂಡ್ ಹೋಟೆಲ್ ಅಂತ ತೆರೆದದ್ದು 1935ರಲ್ಲಿ ಮುಚ್ಚಿತು. ಆಮೇಲೆ ರೈಲ್ವೆ ಕಚೇರಿ, ಆಮೇಲೆ ಪಾಳು. ಅರವತ್ತರ ದಶಕದಲ್ಲಿ ಕೆಡವಿಬಿಡುವ ಮಾತು ಬಂದಾಗ ಉಳಿಸಲು ಹೋರಾಡಿದವರಲ್ಲಿ ಮುಖ್ಯರು ಕವಿ ಜಾನ್ ಬೆಚ್‌ಮನ್. ಸ್ಟೇಷನ್ನಿನೊಳಗೆ ಅವರ ಪ್ರತಿಮೆ ಇದೆ. ಟೋಪಿ ಬಿದ್ದುಹೋಗದಂತೆ ಕೈಯಲ್ಲಿ ಹಿಡಿದು, ಚಾವಣಿ ನೋಡುತ್ತ ನಿಂತಿದ್ದಾರೆ. ಕವಿಗಳಿಂದ ಏನುಪಯೋಗ ಅಂತ ಯಾರಾದರೂ ಕೇಳಿದರೆ ಈ ಸ್ಟೇಷನ್ ತೋರಿಸಬಹುದು.

ಆ್ಯಡಮ್ಸ್ 1988ರಲ್ಲಿ 'ದ ಲಾಂಗ್ ಡಾರ್ಕ್ ಟೀ-ಟೈಮ್ ಆಫ್ ದ ಸೋಲ್' ಬರೆದಾಗ ಈ ಹೋಟೆಲ್ ಖಾಲಿ ಬಿದ್ದಿತ್ತು. ಅವರು ಅದನ್ನು ವಲ್ಹಾಲ ಮಾಡಿದರು, ಅಂದರೆ ಉತ್ತರ ಯುರೋಪಿನ ಪುರಾಣದ ದೇವಸಭೆ. ಜನ ಮರೆತ ದೇವರುಗಳು ಸಾಯುವಂತಿಲ್ಲ, ಮಾಡಲು ಕೆಲಸವೂ ಇಲ್ಲ. ಮಹಾದೇವ ಓಡಿನ್‌ಗೆ ಈಗ ಬೇಕಾಗಿರುವುದು ಒಗೆದು ಇಸ್ತ್ರಿ ಮಾಡಿದ ಲಿನನ್ ಹಾಸಿಗೆ ಬಟ್ಟೆ ಮಾತ್ರ. ಅದಕ್ಕಾಗಿ ತನ್ನ ದೈವಶಕ್ತಿಯನ್ನೇ ಒಬ್ಬ ವಕೀಲನಿಗೂ ಜಾಹೀರಾತಿನ ಹೆಂಗಸಿಗೂ ಬರೆದುಕೊಟ್ಟು ನರ್ಸಿಂಗ್ ಹೋಮ್ ಸೇರಿದ್ದಾನೆ. ಸಿಡಿಲಿನ ದೇವರು ಥಾರ್, ಪಾಸ್‌ಪೋರ್ಟ್ ಇಲ್ಲದೆ ಹೀಥ್ರೂ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ.

ಪ್ಯಾರಿಸ್ಸಿಗಾಗಿ ಷೆಂಗೆನ್ ವೀಸಾ ಅರ್ಜಿ ತುಂಬಿದ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿದ ನಮಗೆ ಥಾರ್‌ನ ಕಷ್ಟ ಚೆನ್ನಾಗಿ ಅರ್ಥವಾಯಿತು. "ಸದ್ಯ, ನಮ್ಮ ಹತ್ರ ಪಾಸ್‌ಪೋರ್ಟಾದ್ರೂ ಇದೆ" ಅಂದಳು ಅಕ್ಕ.

ಓದುವಾಗ ನಗು ಬರುತ್ತದೆ. ಪುಸ್ತಕ ಮುಚ್ಚಿದ ಮೇಲೆ ಒಂದು ಸಂಕಟ ಉಳಿಯುತ್ತದೆ. ದೊಡ್ಡದು ಅಂತ ಕೈಮುಗಿದು ದೂರ ಇಟ್ಟದ್ದೆಲ್ಲ ಕೊನೆಗೆ ಹೀಗೇ, ಯಾರೂ ಮಾತಾಡಿಸದ ಅಜ್ಜನ ಹಾಗೆ ಆಗಿಬಿಡುತ್ತದೆ ಅಲ್ವಾ?

ಪ್ಯಾರಿಸ್: ನಕಲಿ ಮೊನಾಲಿಸಾ, ಅಸಲಿ ಮದುವೆ ಮನೆ

ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ದಾರಿಯಲ್ಲಿ ಅಕ್ಕನಿಗೆ ಫೋನಿನಲ್ಲಿ 'ಡಾಕ್ಟರ್ ಹೂ' ಸರಣಿಯ 'ಸಿಟಿ ಆಫ್ ಡೆತ್' ತೋರಿಸಿದೆ. 1979ರದು, ಆ ಸರಣಿ ಬ್ರಿಟನ್ನಿನ ಹೊರಗೆ ಚಿತ್ರೀಕರಣ ಮಾಡಿದ ಮೊದಲ ಕಥೆ. ಮೂಲ ಎಳೆ ಬೇರೊಬ್ಬರದು. ಅದನ್ನು ನಿರ್ಮಾಪಕರ ಜೊತೆ ಕೂತು ಹೊಸದಾಗಿ ಬರೆದವರು ಆ್ಯಡಮ್ಸ್. ತೆರೆಯ ಮೇಲೆ ಹಾಕಿದ್ದು ಬೇರೆಯೇ ಹೆಸರು.

ಒಬ್ಬ ಅನ್ಯಗ್ರಹದವನು ಕಾಲದುದ್ದಕ್ಕೂ ಚೂರುಚೂರಾಗಿ ಹರಡಿಹೋಗಿದ್ದಾನೆ. ಒಂದು ಚೂರು ಲಿಯೊನಾರ್ಡೊ ಕೈಯಲ್ಲಿ ಇನ್ನೂ ಆರು ಮೊನಾಲಿಸಾ ಬರೆಸುತ್ತದೆ. ಇವತ್ತಿನ ಚೂರು ಲೂವ್ರ್‌ನಲ್ಲಿರುವುದನ್ನು ಕದ್ದು, ಏಳನ್ನೂ ಏಳು ಜನ ಶ್ರೀಮಂತರಿಗೆ ಗುಟ್ಟಾಗಿ ಮಾರಬೇಕು ಅಂತ ಲೆಕ್ಕ ಹಾಕಿದೆ. ಡಾಕ್ಟರ್ ಹಿಂದಿನ ಕಾಲಕ್ಕೆ ಹೋಗಿ ಖಾಲಿ ಹಲಗೆಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಇದು ನಕಲಿ' ಅಂತ ಬರೆದಿಡುತ್ತಾನೆ. ಕೊನೆಗೆ ಬೆಂಕಿಯಲ್ಲಿ ಉಳಿಯುವುದು ಅಂಥ ಒಂದು ಹಲಗೆಯೇ. ಎಕ್ಸ್‌ರೇ ತೆಗೆದರೆ ಗೊತ್ತಾಗುತ್ತಲ್ಲ ಅಂದರೆ, ಚಿತ್ರ ಚೆನ್ನಾಗಿದೆಯಾ ಅಂತ ತಿಳಿಯಲು ಎಕ್ಸ್‌ರೇ ಯಾಕೆ, ನೋಡಿದರೆ ಸಾಲದೇ ಎಂಬುದು ಡಾಕ್ಟರ್ ವಾದ.

ಅದರಲ್ಲೇ ಒಂದು ಸಣ್ಣ ದೃಶ್ಯವಿದೆ. ಕಾಲದಲ್ಲಿ ಓಡಾಡುವ ಡಾಕ್ಟರ್‌ನ ನೀಲಿ ಪೊಲೀಸ್ ಡಬ್ಬಿ ಪ್ಯಾರಿಸ್ಸಿನ ಒಂದು ಆರ್ಟ್ ಗ್ಯಾಲರಿಯಲ್ಲಿ ನಿಂತಿದೆ. ಜಾನ್ ಕ್ಲೀಸ್ ಮತ್ತು ಎಲಿನರ್ ಬ್ರಾನ್ ಕಲಾರಸಿಕರಾಗಿ ಅದರ ಮುಂದೆ ನಿಂತು ರೇಖೆ, ಬಣ್ಣ, ಉಪಯೋಗವಿಲ್ಲದ್ದರ ಸೊಗಸು ಅಂತ ಗಂಭೀರವಾಗಿ ವಿಶ್ಲೇಷಿಸುತ್ತಾರೆ. ಡಾಕ್ಟರ್ ಓಡಿಬಂದು ಒಳಗೆ ಹೋಗುತ್ತಾನೆ, ಡಬ್ಬಿ ಗರಗರ ಸದ್ದು ಮಾಡಿ ಮಾಯ. ಇಬ್ಬರೂ ಅದನ್ನೂ ಮೆಚ್ಚಿಕೊಳ್ಳುತ್ತಾರೆ! ಪಕ್ಕದ ಸೀಟಿನವರು ತಿರುಗಿ ನೋಡುವ ಹಾಗೆ ಅಕ್ಕ ನಕ್ಕಳು. "ಅಂದ್ರೆ ಇವರಿಗೂ ಅರ್ಥ ಆಗಿರಲ್ಲ ಅನ್ನು!"

ಲೂವ್ರ್‌ನಲ್ಲಿ ಮೊನಾಲಿಸಾ ಇರುವ ಹಾಲಿಗೆ ಸೇರುವುದೇ ಒಂದು ಯಾತ್ರೆ. ತಿರುಪತಿಯ ಕ್ಯೂ ಕಂಡವರಿಗೆ ಅಭ್ಯಾಸ ಇರುತ್ತದೆ. ಚಿತ್ರ 77 ಸೆಂಟಿಮೀಟರ್ ಎತ್ತರ, 53 ಅಗಲ, ದಪ್ಪ ಗಾಜಿನ ಹಿಂದೆ. ಮುಂದೆ ನೂರಾರು ಫೋನುಗಳು. ಜನ ಬರುತ್ತಾರೆ, ಬೆನ್ನು ಮಾಡಿ ಸೆಲ್ಫಿ ತೆಗೆಯುತ್ತಾರೆ, ಹೋಗುತ್ತಾರೆ. 1911ರಲ್ಲಿ ಇದು ಕಳುವಾದಾಗ ಖಾಲಿ ಗೋಡೆಯನ್ನು ನೋಡಲೂ ಜನ ಸಾಲುಗಟ್ಟಿ ಬಂದಿದ್ದರಂತೆ.

ಅಕ್ಕ ಎರಡು ನಿಮಿಷ ನೋಡಿದಳು. ಏನಾದರೂ ಹೇಳಬೇಕಲ್ಲ ಅಂತ ನನ್ನ ಮುಖ ನೋಡಿದಳು. ಆಮೇಲೆ, "ಚೆನ್ನಾಗಿದೆ. ಆದ್ರೆ ಕಾಣಿಸ್ತಾನೇ ಇಲ್ಲ ಕಣೇ" ಅಂದು ಹಿಂದಕ್ಕೆ ತಿರುಗಿದಳು. ಅಲ್ಲೇ ನಿಂತುಬಿಟ್ಟಳು.

ಮೊನಾಲಿಸಾಳ ಎದುರು ಗೋಡೆಯ ಮೇಲೆ ಲೂವ್ರ್‌ನ ಅತಿ ದೊಡ್ಡ ವರ್ಣಚಿತ್ರವಿದೆ: ವೆರೊನೇಸೆ 1563ರಲ್ಲಿ ಮುಗಿಸಿದ 'ಕಾನಾ ಊರಿನ ಮದುವೆ'. ಸುಮಾರು ಏಳು ಮೀಟರ್ ಎತ್ತರ, ಹತ್ತು ಮೀಟರ್ ಅಗಲ. ಬೈಬಲ್ಲಿನಲ್ಲಿ ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಪ್ರಸಂಗ. ವೆನಿಸ್ಸಿನ ಒಂದು ಮಠದ ಊಟದ ಮನೆಗೆ ಬರೆದದ್ದು, 1797ರಲ್ಲಿ ನೆಪೋಲಿಯನ್ನನ ಸೈನ್ಯ ಪ್ಯಾರಿಸ್ಸಿಗೆ ಹೊತ್ತು ತಂದಿತು. ಇಂಥದ್ದಕ್ಕೆ ಬೆನ್ನು ಹಾಕಿಯೇ ಎಲ್ಲರೂ ಮೊನಾಲಿಸಾಳ ಫೋಟೊ ತೆಗೆಯುತ್ತಾರೆ. 'ಬೇರೆಯವರ ತಲೆನೋವಿನ' ಆವರಣ ಹತ್ತು ಮೀಟರ್ ಅಗಲದ ಚಿತ್ರವನ್ನೂ ಮುಚ್ಚಬಲ್ಲದು.

"ಇದು ಛತ್ರದ ಮದುವೆ!" ಅಂದಳು ಅಕ್ಕ. ಈ ಸಲ ಸುತ್ತ ಯಾರನ್ನೂ ನೋಡಲಿಲ್ಲ. "ಅಲ್ನೋಡು, ಊಟ ನಡೀತಾ ಇರುವಾಗಲೇ ಮೇಲೆ ಮಾಂಸ ಕೊಚ್ತಾ ಇದಾರೆ, ಅಡುಗೆ ಇನ್ನೂ ಮುಗ್ದಿಲ್ಲ. ಮಧ್ಯೆ ವಾಲಗದವರು. ನಾಯಿ ಬಂದು ಕೂತಿದೆ. ಬಲಗಡೆ ಬೆಕ್ಕು ನೋಡಿದ್ಯಾ, ಹೂಜಿ ಪರಚ್ತಾ ಇದೆ! ಮದುವೆ ಮಾಡ್ಸಿಕೊಂಡವರು ಎಡಗಡೆ ಮೂಲೇಲಿ, ಕೇಳೋರೇ ಇಲ್ಲ." ಬಲಭಾಗದಲ್ಲಿ ಒಬ್ಬ ಬಟ್ಟಲನ್ನು ಎತ್ತಿ ಹಿಡಿದು ರಸವನ್ನು ಪರೀಕ್ಷಿಸುತ್ತಿದ್ದಾನೆ. "ಅವನೇ ಉಸ್ತುವಾರಿ. ಈಗ್ಲೇ ಗೊತ್ತಾಗಿದೆ ಅವನಿಗೆ, ಇದು ನಾವು ತಂದಿದ್ದಲ್ಲ ಅಂತ. ಮುಖ ನೋಡು."

ನಾನು ಆ ಚಿತ್ರದ ಬಗ್ಗೆ ಓದಿಕೊಂಡು ಹೋಗಿದ್ದೆ. ಇಷ್ಟನ್ನು ನೋಡಿರಲಿಲ್ಲ. ಪವಾಡ ನಡೆದ ಕ್ಷಣದಲ್ಲಿ ಅದನ್ನು ಮೊದಲು ಕಂಡುಹಿಡಿದವನು ಸ್ಟೋರ್ ರೂಮಿನ ಲೆಕ್ಕ ಇಡುವವನು ಎಂಬುದು ನನಗೆ ಹೊಳೆದಿರಲೇ ಇಲ್ಲ. ಅಕ್ಕ ಮುಕ್ಕಾಲು ಗಂಟೆ ಅಲ್ಲಿಂದ ಕದಲಲಿಲ್ಲ.

ಆ್ಯಡಮ್ಸ್ ಅಣಕಿಸಿದ್ದು ಕಲೆಯನ್ನಲ್ಲ ಅಂತ ನಾನು ನಂಬಿದ್ದೇನೆ. ಕಲೆಯ ಸುತ್ತ ಹಾಕಿರುವ ಆ ಕಟ್ಟಿಹಾಕುವ ಕುರ್ಚಿ, ಅರ್ಥವಾಗದಿದ್ದರೂ ತಲೆದೂಗಬೇಕೆಂಬ ಹೆದರಿಕೆ, 'ಇದು ನಮ್ಮಂಥವರಿಗಲ್ಲ' ಎಂಬ ಅನುಮಾನ, ಇವುಗಳನ್ನು. ಮನಸಾರೆ ಒಂದು ಸಲ ನಕ್ಕರೆ ಆ ಪಟ್ಟಿಗಳು ಸಡಿಲವಾಗುತ್ತವೆ. ಆಮೇಲೆ ಕಣ್ಣು ತನ್ನ ಕೆಲಸ ತಾನೇ ಮಾಡುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಲೂವ್ರ್ ಟಿಕೆಟ್ಟನ್ನೂ ಲಾರ್ಡ್ಸ್ ಟೂರನ್ನೂ ಮೊದಲೇ ಆನ್‌ಲೈನಿನಲ್ಲಿ ಕಾಯ್ದಿರಿಸಿ. ಲಾರ್ಡ್ಸ್‌ನಲ್ಲಿ ಪಂದ್ಯದ ದಿನ ಟೂರ್ ಸಿಗುವುದು ಕಷ್ಟ. ಹೈಗೇಟ್‌ನಲ್ಲಿ ಏರು ಇದೆ, ಒಳ್ಳೆಯ ಶೂ ಹಾಕಿಕೊಳ್ಳಿ, ಬ್ಯಾಗಿನಲ್ಲಿ ಒಂದು ಹೆಚ್ಚುವರಿ ಪೆನ್ನಿರಲಿ. ಮೊನಾಲಿಸಾ ಮುಂದೆ ನಿಮ್ಮ ಸೆಲ್ಫಿ ಆದ ಮೇಲೆ ಎದುರು ಗೋಡೆಯನ್ನೂ ನೋಡಿ. ಆ ಬೆಕ್ಕನ್ನು ನೀವೇ ಹುಡುಕಿ, ಯಾರನ್ನೂ ಕೇಳಬೇಡಿ.